ಕೀಡೆಯ ಬೆನ್ನ ಮೇಲಿನ ಬಿಳಿ ಗೂಡು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಂದೆ ಸರಿದು ಹಿತ್ತಲಿನ ಬಳ್ಳಿ, ಕಾಯಿಪಲ್ಲೆ ಚಿಗುರುವ ಹೊತ್ತಿಗೆ ಕೀಡೆಗಳು ಬರುತ್ತವೆ. ಅವುಗಳ ಬೆನ್ನುಹತ್ತಿ ಪರತಂತ್ರ ಕಣಜಗಳೂ ಬರುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಇದೇ ವಿಷಯದ ಸುತ್ತ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಗೊಂದಲ ಆಗದಿರಲಿ ಎಂದು ಒಂದು ಮಾತು: ಇಲ್ಲಿ ‘ಕೀಡೆ’ ಎಂದರೆ ಎಲೆ ತಿನ್ನುವ ಚಿಟ್ಟೆ ಅಥವಾ ಪತಂಗದ ಮರಿ, ‘ಮರಿಹುಳ’ ಎಂದರೆ ಅದರ ಹೊಟ್ಟೆಯೊಳಗೆ ಬೆಳೆಯುವ ಕಣಜದ ಮರಿ.

ಪ್ರಶ್ನೆ: ಅಂಗಳದ ದ್ರಾಕ್ಷಿ ಬಳ್ಳಿಯಲ್ಲಿ ಬೆರಳುದ್ದದ ಹಸಿರು ಕೀಡೆ ಕೂತಿದೆ, ಬಾಲದ ಕಡೆ ಒಂದು ಕೊಂಬು ಇದೆ. ಬೆನ್ನ ತುಂಬ ಅಕ್ಕಿಕಾಳಿನಂಥ ಬಿಳಿ ಮೊಟ್ಟೆಗಳು, ಮೂವತ್ತರ ಮೇಲಿವೆ. ಇವೆಲ್ಲ ಒಡೆದರೆ ಬಳ್ಳಿ ಉಳಿಯಲಿಕ್ಕಿಲ್ಲ ಎಂದು ಹೆದರಿಕೆ. ಸೀಮೆಎಣ್ಣೆಯಲ್ಲಿ ಹಾಕಿಬಿಡಲೇ?
— ಗೃಹಿಣಿ, ವಿಜಯಪುರ

ಉತ್ತರ: ದಯವಿಟ್ಟು ಹಾಕಬೇಡಿ. ಅವು ಮೊಟ್ಟೆಗಳಲ್ಲ. ಕೀಡೆ ಎಂದೂ ಮೊಟ್ಟೆ ಇಡುವುದಿಲ್ಲ. ಮೊಟ್ಟೆ ಇಡುವುದು ರೆಕ್ಕೆ ಬಂದ ಪತಂಗ, ಅದೂ ಎಲೆಯ ಮೇಲೆ. ನೀವು ಎಣಿಸಿದ್ದು ಗೂಡುಗಳನ್ನು. ರೇಷ್ಮೆ ಹುಳ ಗೂಡು ಕಟ್ಟುವ ಹಾಗೆಯೇ ಕಣಜದ ಮರಿಹುಳ ಕಟ್ಟಿಕೊಂಡ, 3–4 ಮಿಲಿಮೀಟರ್ ಉದ್ದದ ನೂಲಿನ ಗೂಡು. ಒಂದೊಂದರೊಳಗೂ ಒಂದೊಂದು ಕಣಜ ಬಲಿಯುತ್ತಿದೆ.

ನಡೆದದ್ದು ಇಷ್ಟು. ಸುಮಾರು ಹತ್ತು-ಹದಿನೈದು ದಿನಗಳ ಹಿಂದೆ, ಕೀಡೆ ಇನ್ನೂ ಸಣ್ಣದಿದ್ದಾಗ, ಇರುವೆಗಿಂತ ದೊಡ್ಡದಲ್ಲದ ಕಪ್ಪು ಕಣಜವೊಂದು ಅದರ ಮೈಗೆ ಸೂಜಿಯಂಥ ನಳಿಕೆ ಚುಚ್ಚಿ ಒಂದೇ ಸಲಕ್ಕೆ ಹತ್ತಾರು ಮೊಟ್ಟೆ ಒಳಗೆ ಬಿಟ್ಟಿದೆ. ಕೊಟೇಶಿಯಾ ಎಂಬ ಕುಲದ ಕಣಜಗಳು ಮತ್ತು ಅವುಗಳ ಹತ್ತಿರದ ಬಂಧುಗಳ ಕೆಲಸ ಇದು. ಹೊರಗಿನ ಮೊಟ್ಟೆ ಮೈಯೊಳಗೆ ಬಂದರೆ ಕೀಡೆಯ ರಕ್ತಕಣಗಳು ಅದನ್ನು ಮುತ್ತಿ ಕೊಲ್ಲಬೇಕು. ಹಾಗಾಗದಂತೆ ಕಣಜ ಮೊಟ್ಟೆಯ ಜೊತೆಗೇ ತನ್ನ ಅಂಡಾಶಯದಲ್ಲಿ ತಯಾರಾದ ಒಂದು ಬಗೆಯ ವೈರಸ್ಸನ್ನೂ ಸೇರಿಸಿ ಚುಚ್ಚುತ್ತದೆ. ಅದು ಕೀಡೆಯ ರಕ್ಷಣೆಯನ್ನೇ ಮಲಗಿಸುತ್ತದೆ. ಮರಿಹುಳಗಳು ರಕ್ತ ಮತ್ತು ಕೊಬ್ಬನ್ನು ಹೀರಿ ಬೆಳೆಯುತ್ತವೆ, ಜೀವಕ್ಕೆ ಬೇಕಾದ ಅಂಗಗಳನ್ನು ಮುಟ್ಟುವುದಿಲ್ಲ. ಕೀಡೆ ಸತ್ತರೆ ಅವೂ ಸತ್ತಂತೆ. ಬಲಿತ ಮೇಲೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಚರ್ಮ ಕೊರೆದು ಹೊರಬರುತ್ತವೆ. ಬರುವಾಗ ಪೊರೆ ಕಳಚುತ್ತವೆ, ಆ ಪೊರೆಯೇ ತೂತಿಗೆ ಬಿರಡೆಯಾಗುವುದರಿಂದ ಕೀಡೆಯ ರಕ್ತ ಸೋರಿಹೋಗುವುದಿಲ್ಲ. ಹೊರಬಂದ ತಕ್ಷಣ ನೂಲು ಸುತ್ತಲು ಶುರು. ಕೆಲವೇ ತಾಸಿನಲ್ಲಿ ನೀವು ಕಂಡ ‘ಅಕ್ಕಿಕಾಳು’ ಸಿದ್ಧ.

ಕೀಡೆ ಇನ್ನೂ ಅಲುಗಾಡುತ್ತಿರಬಹುದು, ಮುಟ್ಟಿದರೆ ತಲೆ ಒಗೆಯಲೂಬಹುದು. ಆದರೆ ಇನ್ನದು ಎಲೆ ತಿನ್ನುವುದಿಲ್ಲ, ಪತಂಗವೂ ಆಗುವುದಿಲ್ಲ, ಕೆಲವು ದಿನಗಳಲ್ಲಿ ಸಾಯುತ್ತದೆ. ಬಳ್ಳಿಗೆ ಅದರಿಂದ ಇನ್ನು ನಷ್ಟವಿಲ್ಲ. ಹೊರಬರುವ ಮೂವತ್ತು ಕಣಜಗಳಲ್ಲಿ ಹೆಣ್ಣುಗಳು ಮುಂದಿನ ಪೀಳಿಗೆಯ ಕೀಡೆಗಳನ್ನು ಹುಡುಕಿಕೊಂಡು ಹೋಗುತ್ತವೆ. ಒಂದು ಕೀಡೆಯನ್ನು ಬಿಟ್ಟುಕೊಟ್ಟರೆ ಬರುವ ಲಾಭ ಇದು.

ಒಂದು ಎಚ್ಚರ. ಕೀಡೆಯ ಮೈಮೇಲೆ ನಿಜವಾಗಿಯೂ ಮೊಟ್ಟೆ ಕಾಣುವ ಸಂದರ್ಭವೂ ಉಂಟು. ಟ್ಯಾಕಿನಿಡ್ ಎಂಬ ಗುಂಪಿನ ನೊಣಗಳು ಕೀಡೆಯ ತಲೆಯ ಹಿಂದೆ, ಕೀಡೆಯ ಬಾಯಿಗೆ ಎಟುಕದ ಜಾಗದಲ್ಲಿ, ಒಂದೋ ಎರಡೋ ಚಪ್ಪಟೆ ಬಿಳಿ ಮೊಟ್ಟೆ ಅಂಟಿಸುತ್ತವೆ. ಅವು ನುಣುಪಾಗಿ ಹೊಳೆಯುತ್ತವೆ, ನೂಲಿನ ಎಳೆ ಇರುವುದಿಲ್ಲ, ಎದ್ದು ನಿಂತಿರುವುದಿಲ್ಲ. ಅವೂ ಕೀಡೆಯನ್ನು ಕೊಲ್ಲುವಂಥವೇ, ಹಾಗಾಗಿ ಅಂಥ ಕೀಡೆಯನ್ನೂ ಬಿಡಿ. ರೇಷ್ಮೆ ಸಾಕುವವರು ಮಾತ್ರ ಈ ಮಾತನ್ನು ತಮ್ಮ ಹುಳುಮನೆಗೆ ಅನ್ವಯಿಸಬಾರದು. ಅಲ್ಲಿ ಕಾಡುವ ಊಜಿ ನೊಣ ಇದೇ ಗುಂಪಿನದು.

ಪ್ರಶ್ನೆ: ಕಣಜ ಹೊರಬರುವುದನ್ನು ಶಾಲೆಯ ಮಕ್ಕಳಿಗೆ ತೋರಿಸಬೇಕೆಂದು ಗೂಡಿದ್ದ ಕೀಡೆಯನ್ನು ಎಲೆಸಮೇತ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟೆವು. ಮುಚ್ಚಳಕ್ಕೆ ತೂತು ಮಾಡಿದ್ದೆವು. ನಾಲ್ಕನೇ ದಿನ ಎಲ್ಲ ಬೂಸ್ಟು ಹಿಡಿಯಿತು. ಎರಡನೇ ಸಲ ಬೂಸ್ಟು ಬರಲಿಲ್ಲ, ಆದರೆ ಒಂದು ದಿನ ನೋಡಿದರೆ ಗೂಡೆಲ್ಲ ಖಾಲಿ, ಡಬ್ಬಿಯಲ್ಲಿ ಒಂದೂ ಕಣಜ ಇಲ್ಲ. ಸರಿಯಾದ ಕ್ರಮ ಹೇಗೆ?
— ಶಿಕ್ಷಕರು, ನವನಗರ, ಬಾಗಲಕೋಟೆ

ಉತ್ತರ: ಮೊದಲ ಸಲ ಕೆಡಿಸಿದ್ದು ಹಸಿ, ಎರಡನೇ ಸಲ ಕೆಡಿಸಿದ್ದು ತೂತು. ಸತ್ತ ಕೀಡೆ ಮತ್ತು ಬಾಡುವ ಎಲೆ ಎರಡೂ ನೀರು ಬಿಡುತ್ತವೆ. ಪ್ಲಾಸ್ಟಿಕ್ ಗೋಡೆಗೆ ಆ ನೀರು ಹನಿಗಟ್ಟಿ ಗೂಡಿನ ಮೇಲೆ ಇಳಿದರೆ ಬೂಸ್ಟು ಖಂಡಿತ. ಇನ್ನು ಕಣಜದ ಉದ್ದ 2–3 ಮಿಲಿಮೀಟರ್ ಇದ್ದರೂ ಮೈದಪ್ಪ ಒಂದು ಮಿಲಿಮೀಟರ್‌ಗಿಂತ ಕಡಿಮೆ. ಮೊಳೆಯಿಂದ ಮಾಡಿದ ತೂತು ಅದಕ್ಕೆ ಹೆಬ್ಬಾಗಿಲು. ಸೊಳ್ಳೆ ಪರದೆಯ ಕಣ್ಣಿನಿಂದಲೂ ಸಲೀಸಾಗಿ ದಾಟುತ್ತದೆ.

ಅರ್ಧ ಅಥವಾ ಒಂದು ಲೀಟರಿನ ಅಗಲ ಬಾಯಿಯ ಗಾಜಿನ ಬಾಟಲಿ ತೆಗೆದುಕೊಳ್ಳಿ. ಉಪ್ಪಿನಕಾಯಿ ಬಾಟಲಿ ನಡೆಯುತ್ತದೆ, ಆದರೆ ವಾಸನೆ ಹೋಗುವವರೆಗೆ ತೊಳೆದು ಬಿಸಿಲಿಗೆ ಒಣಗಿಸಿರಬೇಕು. ಮುಚ್ಚಳ ಬೇಡ. ಹಳೆಯ ತೆಳು ಧೋತರದ ತುಣುಕು ಅಥವಾ ಮಲ್‌ಮಲ್ ಬಟ್ಟೆಯನ್ನು ಬಾಯಿಗೆ ಎಳೆದು ಕಟ್ಟಿ, ರಬ್ಬರ್ ಬ್ಯಾಂಡ್ ಎರಡು ಸುತ್ತು ಹಾಕಿ. ತಳಕ್ಕೆ ಒಂದು ಪದರ ಟಿಶ್ಯೂ ಪೇಪರ್ ಹಾಸಿ. ಅದು ಹಸಿ ಹೀರುತ್ತದೆ, ಬಿಳಿ ಹಿನ್ನೆಲೆಯಲ್ಲಿ ಕಪ್ಪು ಕಣಜ ಚೆನ್ನಾಗಿಯೂ ಕಾಣುತ್ತದೆ.

ಗೂಡನ್ನು ಕೀಡೆಯಿಂದ ಅಥವಾ ಎಲೆಯಿಂದ ಬಿಡಿಸಲು ಹೋಗಬೇಡಿ. ಉಗುರಿನ ಒತ್ತು ತಾಗಿದರೂ ಒಳಗಿನ ಕೋಶ (ಮರಿಹುಳ ಕಣಜವಾಗುವ ನಡುವಿನ ಹಂತ) ನುಗ್ಗಾಗುತ್ತದೆ. ಎಲೆಗೆ ಅಂಟಿದ್ದರೆ ಸುತ್ತ ಒಂದು ಸೆಂಟಿಮೀಟರ್ ಎಲೆ ಬಿಟ್ಟು ಕತ್ತರಿಯಿಂದ ಕತ್ತರಿಸಿ, ಗೂಡು ಮೇಲ್ಮುಖವಾಗಿ ಇಡಿ. ಕೀಡೆಯ ಮೇಲೆಯೇ ಇದ್ದರೆ ಕೀಡೆ ಕೂತ ಕಡ್ಡಿಯನ್ನೇ ಕತ್ತರಿಸಿ ತನ್ನಿ. ಕೀಡೆಗೆ ಮೇವು ಹಾಕಬೇಕಿಲ್ಲ, ಅದು ತಿನ್ನುವುದಿಲ್ಲ. ಅದು ಸತ್ತು ಕಪ್ಪಾಗಿ ನೀರಾಡಲು ಶುರುವಾದರೆ ಟಿಶ್ಯೂ ದಿನಾ ಬದಲಿಸಿ.

ಹಸಿ ಎಷ್ಟಿರಬೇಕು ಎಂಬುದು ಊರು ಮತ್ತು ತಿಂಗಳು ನೋಡಿ ತೀರ್ಮಾನಿಸುವ ಮಾತು. ಬೆಳಗಾವಿಯ ಜುಲೈ–ಆಗಸ್ಟ್‌ನ ಜಿಟಿಜಿಟಿಯಲ್ಲಿ ಹೊರಗಿನಿಂದ ಒಂದು ಹನಿಯೂ ಬೇಡ. ನಿಮ್ಮ ಬಾಗಲಕೋಟೆಯಲ್ಲಿ, ವಿಜಯಪುರದಲ್ಲಿ ಫೆಬ್ರುವರಿ ದಾಟಿದ ಮೇಲೆ ಗಾಳಿ ಎಷ್ಟು ಒಣಗಿರುತ್ತದೆಂದರೆ ಕಣಜ ಗೂಡಿನೊಳಗೇ ಒಣಗಿ ಗಟ್ಟಿಯಾಗಿಬಿಡುತ್ತದೆ. ಆಗ ಬಾಟಲಿಯ ಮುಚ್ಚಳದಂಥ ಸಣ್ಣ ಬಟ್ಟಲಲ್ಲಿ ನೀರು ಹಿಂಡಿದ ಅರಳೆ ಉಂಡೆ ಇಡಿ. ಅದು ಗೂಡಿಗೆ ತಾಗಬಾರದು. ಫ್ಯಾನಿನ ಕೆಳಗೆ, ಕಿಟಕಿಯ ನೇರ ಬಿಸಿಲಲ್ಲಿ ಬಾಟಲಿ ಇಡಬೇಡಿ, ಗಾಜು ಬಿಸಿಲಲ್ಲಿ ಒಲೆಯಾಗುತ್ತದೆ. 25–28 ಡಿಗ್ರಿ ಈ ಕಣಜಗಳಿಗೆ ಹಿತ. 35 ದಾಟಿದರೆ ಸಾಯುವವು ಹೆಚ್ಚು. ಏಪ್ರಿಲ್–ಮೇ ತಿಂಗಳಲ್ಲಿ ನೀರಿನ ಹರವಿಯ ಪಕ್ಕದ ನೆರಳೇ ಮನೆಯೊಳಗಿನ ಒಳ್ಳೆಯ ಜಾಗ.

ಇರುವೆಯನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ. ಒಂದು ತಾಟಿನಲ್ಲಿ ಬೆರಳಗಲ ನೀರು ಹಾಕಿ, ನಡುವೆ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಬಾಟಲಿ ನಿಲ್ಲಿಸಿ. ತಾಟಿನ ಅಂಚು ಗೋಡೆಗೆ ತಾಗಿರಬಾರದು.

ಇನ್ನು ಕಾಯುವ ಕಾಲ. ಬೆಚ್ಚಗಿನ ದಿನಗಳಲ್ಲಿ ಗೂಡು ಕಟ್ಟಿದ 5ರಿಂದ 8 ದಿನಕ್ಕೆ ಕಣಜ ಹೊರಡುತ್ತದೆ, ಡಿಸೆಂಬರ್–ಜನವರಿಯ ಚಳಿಯಲ್ಲಿ ಇನ್ನೂ ಕೆಲವು ದಿನ ಹೆಚ್ಚು ಬೇಕು. ನೀವು ಕಂಡ ದಿನ ಗೂಡಿಗೆ ಎಷ್ಟು ವಯಸ್ಸಾಗಿತ್ತೋ ಗೊತ್ತಿರುವುದಿಲ್ಲ, ಆದ್ದರಿಂದ ಮೊದಲ ದಿನದಿಂದಲೇ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ. ಹೊರಡುವ ಹಿಂದಿನ ದಿನ ಗೂಡಿನ ಒಂದು ತುದಿ ಮಬ್ಬುಗಪ್ಪಾಗುತ್ತದೆ. ಒಳಗಿನ ಮೈಗೆ ಬಣ್ಣ ಬಂದು ನೂಲಿನಾಚೆ ಕಾಣುವುದೇ ಅದಕ್ಕೆ ಕಾರಣ. ಅಂದು ಸಂಜೆಯೇ ಹತ್ತು ಪಟ್ಟು ದೊಡ್ಡದು ತೋರಿಸುವ ಭೂತಗನ್ನಡಿ ಸಿದ್ಧವಿರಲಿ, ಮರುದಿನ ಬೆಳಕು ಹರಿಯುತ್ತಲೇ ಮಕ್ಕಳು ಕೂರಲಿ.

ಮೊದಲು ಗೂಡಿನ ತುದಿಯಲ್ಲಿ ಕೂದಲೆಳೆಯಷ್ಟು ಸೀಳು ಮೂಡುತ್ತದೆ. ಕಣಜ ಒಳಗೆ ತಿರುಗುತ್ತಾ ದವಡೆಯಿಂದ ಸುತ್ತಲೂ ಕತ್ತರಿಸುತ್ತದೆ. ಸುತ್ತು ಮುಗಿಯುವ ಹೊತ್ತಿಗೆ ದುಂಡನೆಯ ಮುಚ್ಚಳ ಕುಂಕುಮದ ಭರಣಿಯ ಹಾಗೆ ತೆರೆದುಕೊಳ್ಳುತ್ತದೆ, ಎಷ್ಟೋ ಸಲ ಒಂದು ಎಳೆಯಲ್ಲಿ ಜೋತಾಡುತ್ತಿರುತ್ತದೆ. ಮೊದಲು ಮೀಸೆ, ಆಮೇಲೆ ತಲೆ, ಮುಂಗಾಲು, ಕೊನೆಗೆ ಇಡೀ ಮೈ. ಬಂದದ್ದು ಹಾರುವುದಿಲ್ಲ, ನಿಂತು ಕಾಲಿನಿಂದ ಮೀಸೆ ಉಜ್ಜಿಕೊಳ್ಳುತ್ತದೆ, ರೆಕ್ಕೆ ಸವರಿಕೊಳ್ಳುತ್ತದೆ. ಸಾಮಾನ್ಯವಾಗಿ ಗಂಡುಗಳು ಮೊದಲು ಬಂದು ಅಲ್ಲೇ ಸುಳಿದಾಡಿ ಹೆಣ್ಣುಗಳಿಗೆ ಕಾಯುತ್ತವೆ. ಗಂಡಿನ ಮೀಸೆ ಉದ್ದ. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಮೊಟ್ಟೆ ಇಡುವ ಗಿಡ್ಡ ನಳಿಕೆ ಭೂತಗನ್ನಡಿಯಲ್ಲಿ ಕಾಣುತ್ತದೆ. ಮಕ್ಕಳಿಗೆ ಹೇಳಲೇಬೇಕಾದ ಒಂದು ಸಂಗತಿ ಇಲ್ಲಿದೆ: ಗಂಡಿನೊಡನೆ ಕೂಡದ ಹೆಣ್ಣೂ ಮೊಟ್ಟೆ ಇಡುತ್ತದೆ, ಆ ಮೊಟ್ಟೆಗಳಿಂದ ಗಂಡುಗಳೇ ಹುಟ್ಟುತ್ತವೆ.

ಒಂದು ದಿನ ಇಟ್ಟುಕೊಂಡು ನೋಡುವುದಾದರೆ ಜೇನುತುಪ್ಪಕ್ಕೆ ಅಷ್ಟೇ ನೀರು ಬೆರೆಸಿ, ಕಡ್ಡಿಯ ತುದಿಯಿಂದ ಕಾಗದದ ಪಟ್ಟಿಯ ಮೇಲೆ ತೆಳ್ಳಗೆ ಗೆರೆ ಎಳೆದು ಒಳಗಿಡಿ. ಹನಿಯಾಗಿ ಇಟ್ಟರೆ ಕಣಜ ಅದರಲ್ಲೇ ಅಂಟಿಕೊಂಡು ಸಾಯುತ್ತದೆ. ಬೆಲ್ಲದ ನೀರು ಬೇಡ, ಬೇಗ ಹುಳಿಯುತ್ತದೆ. ಆಹಾರವಿಲ್ಲದೆ ಇವು ಎರಡು-ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಬಿಡುವುದು ಸಂಜೆ ಬಿಸಿಲು ತಗ್ಗಿದ ಮೇಲೆ, ಕೀಡೆ ಇರುವ ಗಿಡದ ಬುಡದಲ್ಲೇ. ಮನೆಯೊಳಗೆ ಬಟ್ಟೆ ಬಿಚ್ಚಿದರೆ ಎಲ್ಲವೂ ಕಿಟಕಿಯ ಬೆಳಕಿಗೆ ಓಡುತ್ತವೆ. ಬೆಳಕಿನ ಕಡೆ ಹೋಗುವ ಈ ಗುಣದಿಂದ ಒಂದು ಉಪಯೋಗವೂ ಇದೆ. ಒಂದು ಬಾಟಲಿಯಿಂದ ಇನ್ನೊಂದಕ್ಕೆ ದಾಟಿಸಬೇಕಾದರೆ ಎರಡರ ಬಾಯಿ ಕೂಡಿಸಿ, ತುಂಬಿದ್ದಕ್ಕೆ ಕಪ್ಪು ಬಟ್ಟೆ ಸುತ್ತಿ, ಖಾಲಿಯದನ್ನು ಬೆಳಕಿಗೆ ಹಿಡಿದರೆ ಸಾಕು.

ಒಂದು ವಹಿಯಲ್ಲಿ ಬರೆದಿಡಿ: ಯಾವ ಗಿಡ, ಯಾವ ಕೀಡೆ, ಗೂಡು ಕಂಡ ದಿನ, ಗೂಡುಗಳ ಸಂಖ್ಯೆ, ಹೊರಬಂದ ದಿನ ಮತ್ತು ಹೊತ್ತು, ಎಷ್ಟು ಬಂದವು, ತೂತು ತುದಿಯಲ್ಲಿದೆಯೋ ಪಕ್ಕದಲ್ಲಿದೆಯೋ. ತಾವಾಗಿ ಸತ್ತ ನಾಲ್ಕೈದು ಕಣಜಗಳನ್ನು ಔಷಧ ಅಂಗಡಿಯ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹಾಕಿ, ಪೆನ್ಸಿಲ್‌ನಿಂದ ಬರೆದ ಚೀಟಿಯನ್ನು ಒಳಗೇ ಇಡಿ (ಪೆನ್ನಿನ ಮಸಿ ಕರಗಿಹೋಗುತ್ತದೆ). ಜಾತಿ ಗುರುತಿಸಲು ಇದು ಮತ್ತು ಕೀಡೆಯ ಚಿತ್ರ ಎರಡೂ ಬೇಕು. ನಿಮ್ಮೂರಿನಲ್ಲೇ, ಉದ್ಯಾನಗಿರಿಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೆ ಒಯ್ದು ಕೇಳಬಹುದು.

ಪ್ರಶ್ನೆ: ಒಂದೇ ಗೂಡಿನ ಗೊಂಚಲಿನಿಂದ ಮೊದಲು ಕಪ್ಪು ಕಣಜಗಳು ಬಂದವು. ಐದಾರು ದಿನ ಬಿಟ್ಟು ಬೇರೆ ರೂಪದ ಕಂದು ಕಣಜಗಳು ಬಂದವು, ಕೆಲವಕ್ಕೆ ರೆಕ್ಕೆಯೇ ಇಲ್ಲ, ಇರುವೆಯಂತಿವೆ. ಇವು ಹೆಣ್ಣುಗಳೇ?
— ಕಾಲೇಜು ವಿದ್ಯಾರ್ಥಿನಿ, ಗೋಕಾಕ

ಉತ್ತರ: ಅಲ್ಲ, ಅವು ಬೇರೆಯೇ ಜಾತಿ. ಕೀಡೆಯ ಮೇಲೆ ಕಣಜ ಬದುಕಿದಂತೆ ಆ ಕಣಜದ ಮೇಲೆ ಬದುಕುವ ಇನ್ನೊಂದು ಕಣಜವಿದೆ. ನಿಮಗೆ ಸಿಕ್ಕಿದ್ದು ಅದು. ರೆಕ್ಕೆಯಿಲ್ಲದವು ಬಹುಶಃ ಗೆಲಿಸ್ ಕುಲದವು. ಗೂಡು ಕಟ್ಟಿದ ಮೇಲೆ ನೂಲಿನಾಚೆಯಿಂದಲೇ ನಳಿಕೆ ಚುಚ್ಚಿ ಒಳಗಿನ ಕೋಶದ ಮೇಲೆ ಮೊಟ್ಟೆ ಇಡುತ್ತವೆ. ಅವುಗಳ ಮರಿ ಕೋಶವನ್ನು ತಿಂದು ಬೆಳೆಯಬೇಕಾದ್ದರಿಂದ ತಡವಾಗಿ ಬರುತ್ತವೆ.

ಖಾಲಿ ಗೂಡುಗಳನ್ನು ಬಿಸಾಡಿಲ್ಲದಿದ್ದರೆ ಭೂತಗನ್ನಡಿ ಹಿಡಿದು ನೋಡಿ. ಕೊಟೇಶಿಯಾ ಹೊರಬಂದ ಗೂಡಿಗೆ ತುದಿಯಲ್ಲಿ ದುಂಡು ಮುಚ್ಚಳ ಇರುತ್ತದೆ, ಅಂಚು ಬ್ಲೇಡಿನಿಂದ ಕೊಯ್ದಂತೆ. ಎರಡನೆಯ ಕಣಜ ಬಂದ ಗೂಡಿನಲ್ಲಿ ತೂತು ಹೆಚ್ಚಾಗಿ ಪಕ್ಕಕ್ಕೆ, ಅಂಚು ಕಡಿದು ಕಡಿದು ಹರಿದಂತೆ. ಎರಡನ್ನೂ ಬೇರೆ ಬೇರೆ ಎಣಿಸಿದರೆ ನಿಮ್ಮ ಹಿತ್ತಲಿನ ಲೆಕ್ಕ ಸಿಗುತ್ತದೆ.

ಗೂಡು ಕಟ್ಟಿದ ದಿನವೇ ಬಟ್ಟೆ ಕಟ್ಟಿದ ಬಾಟಲಿಗೆ ತಂದರೆ ಇವುಗಳಲ್ಲಿ ಹೆಚ್ಚಿನವನ್ನು ತಡೆಯಬಹುದು. ಎಲ್ಲವನ್ನೂ ಅಲ್ಲ. ಮೆಸೊಕೋರಸ್ ಎಂಬ ಕುಲದ್ದು, ಮೊದಲ ಕಣಜ ಜೀವಂತ ಕೀಡೆಯೊಳಗೆ ಇನ್ನೂ ಮರಿಹುಳವಾಗಿದ್ದಾಗಲೇ ಅದನ್ನು ಹುಡುಕಿ ಚುಚ್ಚುತ್ತದೆ. ತಡವಾಗಿ ಬಂದವನ್ನು ತೋಟಕ್ಕೆ ಬಿಡಬೇಡಿ ಎಂದು ನಮ್ಮ ಸಲಹೆ. ಸ್ಪಿರಿಟ್‌ನಲ್ಲಿ ಹಾಕಿ ಕಾಲೇಜಿನ ಸಂಗ್ರಹಕ್ಕೆ ಕೊಡಿ, ಅವುಗಳ ಸಂಗ್ರಹ ಸಿಗುವುದು ಕಡಿಮೆ.

ಪ್ರಶ್ನೆ: ಎಲೆಕೋಸಿನ ಎಲೆಯಡಿ ಎರಡು ಬಗೆಯ ಬಿಳಿ ಗೂಡು ಕಾಣುತ್ತಿವೆ. ಯಾವುದನ್ನು ಉಜ್ಜಿ ಹಾಕಬೇಕು, ಯಾವುದನ್ನು ಬಿಡಬೇಕು?
— ಓದುಗರು, ಬೆಳಗಾವಿ

ಉತ್ತರ: ಜಾಳಿಗೆಯಂತೆ ಹೆಣೆದು ಒಳಗಿನ ಹಸಿರು ಅಥವಾ ಕಂದು ಕೋಶ ಆರಪಾರ ಕಾಣುತ್ತಿದ್ದರೆ ಅದು ವಜ್ರಬೆನ್ನಿನ ಪತಂಗದ್ದು. ಎಲೆಕೋಸಿನಲ್ಲಿ ಸಣ್ಣ ಸಣ್ಣ ಕಿಟಕಿ ಕೊರೆಯುವ ಕೀಡೆಯ ಗೂಡು ಅದೇ, ತೆಗೆಯಿರಿ. ಅದಕ್ಕಿಂತ ಚಿಕ್ಕದು, ಒಳಗೇನೂ ಕಾಣದಷ್ಟು ದಟ್ಟ ಬಿಳಿ, ಮುಟ್ಟಿದರೆ ಗಟ್ಟಿ, ಒಂಟಿಯಾಗಿ ಅಂಟಿಕೊಂಡಿದ್ದರೆ ಕೊಟೇಶಿಯಾ ವೆಸ್ಟಾಲಿಸ್ ಕಣಜದ್ದು. ಇದು ಒಂದು ಕೀಡೆಗೆ ಒಂದೇ ಮರಿ. ಪಕ್ಕದಲ್ಲಿ ಸುಕ್ಕಿದ ಕೀಡೆಯ ಚರ್ಮವೂ ಕಾಣಬಹುದು.

ವಜ್ರಬೆನ್ನಿನ ಪತಂಗ ಹಲವು ಕೀಟನಾಶಕಗಳಿಗೆ ಜಗ್ಗದಂತೆ ಬದಲಾದ ಕೀಟ. ಗಟ್ಟಿ ಔಷಧ ಹೊಡೆದಾಗ ಸಾಯುವುದು ಕಣಜ, ಉಳಿಯುವುದು ಕೀಡೆ. ಹತ್ತಿಪ್ಪತ್ತು ಗಿಡದ ಕೈತೋಟಕ್ಕೆ ಕೈಯಿಂದ ಆರಿಸುವುದೇ ಸಾಕು.

ಪ್ರಶ್ನೆ: ನಿಂಬೆ ಗಿಡದ ಚಿಟ್ಟೆ ಹುಟ್ಟುವುದನ್ನು ನೋಡಲು ಕೋಶ ಇರುವ ಕಡ್ಡಿ ತಂದಿಟ್ಟೆವು. ಚಿಟ್ಟೆ ಬರಲಿಲ್ಲ. ಕೋಶಕ್ಕೆ ಸಣ್ಣ ತೂತು ಬಿದ್ದು ಐವತ್ತಕ್ಕೂ ಹೆಚ್ಚು ಪುಟಾಣಿ ಹೊಳೆಯುವ ಕಣಜಗಳು ಬಂದವು. ಗೂಡು ಮಾತ್ರ ಒಂದೂ ಇರಲಿಲ್ಲ.
— ನಿಂಬೆ ಬೆಳೆಗಾರರು, ಇಂಡಿ

ಉತ್ತರ: ನಿಮ್ಮ ವರ್ಣನೆ ಟೆರೊಮ್ಯಾಲಸ್ ಪ್ಯೂಪಾರಮ್ ಎಂಬ ಕಣಜಕ್ಕೆ ಹೊಂದುತ್ತದೆ. ಇದು ನೂಲು ನೇಯುವುದಿಲ್ಲ, ಚಿಟ್ಟೆಯ ಕೋಶವೇ ಅದರ ಮರಿಗಳಿಗೆ ಮನೆ. ನಿಂಬೆ ಚಿಟ್ಟೆಯ ಕೀಡೆ ಕೋಶವಾಗಲು ಕಡ್ಡಿಗೆ ದಾರ ಕಟ್ಟಿಕೊಂಡು ಕೂತಾಗಲೇ ಹೆಣ್ಣು ಕಣಜ ಅದರ ಮೇಲೆ ಬಂದು ಕಾಯುತ್ತದೆ. ಚರ್ಮ ಕಳಚಿ ಕೋಶದ ಹೊರಪದರ ಇನ್ನೂ ಮೆತ್ತಗಿರುವ ಕೆಲವು ತಾಸುಗಳಲ್ಲೇ ಚುಚ್ಚಬೇಕು, ಗಟ್ಟಿಯಾದ ಮೇಲೆ ಆಗುವುದಿಲ್ಲ. ಒಂದೇ ಕೋಶದಿಂದ ನೂರಕ್ಕೂ ಹೆಚ್ಚು ಬರುವುದುಂಟು.

ಇಂಥ ಕೋಶದ ಗುರುತು: ಜೀವವಿರುವ ಕೋಶವನ್ನು ಮೆಲ್ಲಗೆ ಮುಟ್ಟಿದರೆ ಹೊಟ್ಟೆ ಅಲ್ಲಾಡಿಸುತ್ತದೆ, ಇದು ಅಲುಗುವುದಿಲ್ಲ. ಬಣ್ಣ ಮಂಕಾಗಿ ಕಂದಿಗೆ ತಿರುಗುತ್ತದೆ. ಚಿಟ್ಟೆ ಹೊರಡುವ ಮುನ್ನ ಕಾಣುವ ರೆಕ್ಕೆಯ ಹಳದಿ-ಕಪ್ಪು ಚಿತ್ತಾರ ಮೂಡುವುದೇ ಇಲ್ಲ.

ಚಿಟ್ಟೆಯನ್ನೇ ನೋಡಬೇಕಿದ್ದರೆ ಮೊಟ್ಟೆಯಿಂದ ಶುರು ಮಾಡಿ. ಎಳೆ ಚಿಗುರಿನ ಮೇಲೆ ಒಂಟಿಯಾಗಿ, ರಾಗಿಕಾಳಿಗಿಂತ ತುಸು ಸಣ್ಣ, ತಿಳಿ ಹಳದಿಯ ದುಂಡು ಮೊಟ್ಟೆ ಇರುತ್ತದೆ. ಅದು ಪೂರ್ತಿ ಕಪ್ಪಾಗಿದ್ದರೆ ಬಿಡಿ, ಅದರೊಳಗೆ ಆಗಲೇ ಮೊಟ್ಟೆಯ ಕಣಜ ಸೇರಿರಬಹುದು. ಹಕ್ಕಿಯ ಹಿಕ್ಕೆಯಂತೆ ಕಾಣುವ ಎಳೆ ಕೀಡೆಯನ್ನು ತಂದರೂ ಅದರೊಳಗೆ ಕಣಜ ಇರಬಹುದೆಂದು ನೆನಪಿರಲಿ. ಬೆಳೆದ ಗಿಡಕ್ಕೆ ನಾಲ್ಕು ಕೀಡೆ ಲೆಕ್ಕಕ್ಕಿಲ್ಲ. ಒಂದು ವರ್ಷದೊಳಗಿನ ಸಸಿಯಲ್ಲಿ ಮಾತ್ರ ಕೈಯಿಂದ ತೆಗೆಯಿರಿ.

ಪ್ರಶ್ನೆ: ಮಕ್ಕಳ ಕೈ ಮೇಲೆ ಕಣಜ ಕೂತರೆ ಕಚ್ಚುತ್ತದೆಯೇ?
— ಓದುಗರು, ಬಾದಾಮಿ

ಉತ್ತರ: ಈ ಸಣ್ಣ ಕಣಜಗಳು ಕಚ್ಚುವುದಿಲ್ಲ, ಜೇನಿನಂತೆ ಚುಚ್ಚುವುದೂ ಇಲ್ಲ. ರಾತ್ರಿ ದೀಪಕ್ಕೆ ಬರುವ ಕಿತ್ತಳೆ ಬಣ್ಣದ, ಉದ್ದ ಕಾಲಿನ, ಒಂದೂವರೆ-ಎರಡು ಸೆಂಟಿಮೀಟರಿನ ದೊಡ್ಡ ಪರತಂತ್ರ ಕಣಜವನ್ನು ಮಾತ್ರ ಬರಿಗೈಯಲ್ಲಿ ಹಿಡಿಯಬಾರದು. ಹಿಡಿದು ಒತ್ತಿದರೆ ಚುಚ್ಚುತ್ತದೆ.

ಪ್ರಶ್ನೆ: ಬದುವಿನ ಔಡಲ ಗಿಡದಲ್ಲಿ ಕೊಂಡಿ ಹುಳದ ಹೊಟ್ಟೆಯ ಕೆಳಗೆ, ಹಿಂಭಾಗದಲ್ಲಿ, ಒಂದೇ ಒಂದು ದೊಡ್ಡ ಗೂಡು. ಗೋವಿನಜೋಳದ ಸುಳಿಯಲ್ಲಿ ಹತ್ತಿಯ ಉಂಡೆಯಂತೆ ಹತ್ತಾರು ಗೂಡು ಒಟ್ಟಿಗೆ. ಎರಡೂ ಒಂದೇ ಕಣಜವೇ? ಕಬ್ಬಿಗೆ ತರುವ ಟ್ರೈಕೋಕಾರ್ಡನ್ನು ಹಿತ್ತಲಿಗೂ ಕಟ್ಟಬಹುದೇ?
— ರೈತರು, ಜಮಖಂಡಿ ತಾಲ್ಲೂಕು

ಉತ್ತರ: ಎರಡೂ ಬೇರೆ. ಔಡಲದ್ದು ಸ್ನೆಲೆನಿಯಸ್ ಮ್ಯಾಕುಲಿಪೆನ್ನಿಸ್, ಕೊಂಡಿ ಹುಳವನ್ನು ಬಿಟ್ಟು ಹೆಚ್ಚು ಕಡೆ ಹೋಗದ ಕಣಜ. ಗಿಡಕ್ಕೆ ಇಂಥ ಗೂಡುಳ್ಳ ಹುಳ ಒಂದೆರಡು ಕಂಡರೂ ಔಷಧ ಹೊಡೆಯುವುದನ್ನು ತಡೆಯಿರಿ.

ಗೋವಿನಜೋಳದ ಉಂಡೆ ಸೈನಿಕ ಹುಳದಿಂದ ಬಂದದ್ದು. ಕರ್ನಾಟಕದಲ್ಲಿ 2018ರಲ್ಲಿ ಮೊದಲು ಕಂಡ ಹೊಸ ಸೈನಿಕ ಹುಳವನ್ನೂ ಇಲ್ಲಿನ ಕಣಜಗಳು ಬೇಗನೆ ಹಿಡಿದುಕೊಂಡವು. ಗ್ಲಿಪ್ಟಪ್ಯಾಂಟಿಲಿಸ್ ಕ್ರಿಯಾಟೊನೋಟಿ ಹೀಗೆ ಗುಂಪಾಗಿ ಗೂಡು ಕಟ್ಟುತ್ತದೆ, ಕ್ಯಾಂಪೊಲೆಟಿಸ್ ಕ್ಲೋರಿಡಿಯೇ ಒಂಟಿಯಾಗಿ. ಎರಡನೆಯದು ನಿಮ್ಮ ಕಡಲೆ ಹೊಲದ ಕಾಯಿಕೊರಕದಲ್ಲೂ ಇದೆ. ಜೋಳ, ಗೋವಿನಜೋಳ, ಕಬ್ಬಿನ ಕಾಂಡಕೊರಕದ ಕಣಜ ಕೊಟೇಶಿಯಾ ಫ್ಲೇವಿಪೆಸ್ ಮಾತ್ರ ಹೊರಗೆ ಕಾಣಿಸುವುದಿಲ್ಲ. ಒಣಗಿದ ಸುಳಿಯ ದಂಟನ್ನು ಉದ್ದಕ್ಕೆ ಸೀಳಿದರೆ ಸುರಂಗದೊಳಗೆ ಅದರ ಗೂಡುಗಳು ಸಿಗುತ್ತವೆ. 1993ರಲ್ಲಿ ಕೀನ್ಯಾದಲ್ಲಿ ಬಿಟ್ಟದ್ದು ಇದನ್ನೇ. ಏಷ್ಯಾದಿಂದ ಅಲ್ಲಿಗೆ ಹೋಗಿದ್ದ ಕಾಂಡಕೊರಕಕ್ಕೆ ಏಷ್ಯಾದ ಕಣಜವನ್ನೇ ಒಯ್ಯಬೇಕಾಯಿತು.

ಟ್ರೈಕೋಕಾರ್ಡ್, ಅಂದರೆ ಟ್ರೈಕೋಗ್ರಾಮ ಎಂಬ ಪುಟ್ಟ ಕಣಜ ಒಳಗೆ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ಕಾಗದ, ಹಿತ್ತಲಿಗೆ ಬೇಕಾಗುವುದಿಲ್ಲ. ಟ್ರೈಕೋಗ್ರಾಮ ಪತಂಗದ ಮೊಟ್ಟೆಗಳ ಮೇಲಷ್ಟೇ ಕೆಲಸ ಮಾಡುತ್ತದೆ. ಕೀಡೆ ಕಂಡ ಮೇಲೆ ಕಟ್ಟಿದರೆ ಆ ಕೀಡೆಗೆ ಏನೂ ಆಗುವುದಿಲ್ಲ, ಹೆಚ್ಚಿನವರು ನಿರಾಶರಾಗುವುದು ಇಲ್ಲೇ. ಕಬ್ಬಿಗಾದರೆ ಎಕರೆಗೆ ಒಂದು ಸಲಕ್ಕೆ ಸುಮಾರು 20,000 ಕಣಜ, ಅಂದರೆ ಒಂದು ಕಾರ್ಡ್. ಅದನ್ನು ತುಂಡು ಮಾಡಿ ಎಲೆಯ ಕೆಳಮೈಗೆ ಪಿನ್ ಹೊಡೆಯಿರಿ, ಸಂಜೆ ಹೊತ್ತು.

ಪ್ರಶ್ನೆ: ಕುಸುಬಿ ಮತ್ತು ದಾಸವಾಳದ ಹೇನುಗಳಲ್ಲಿ ಕೆಲವು ಉಬ್ಬಿ ಗೋಧಿ ಬಣ್ಣಕ್ಕೆ ತಿರುಗಿ ಎಲೆಗೆ ಅಂಟಿವೆ. ರೋಗವೇ?
— ಓದುಗರು, ಮುಧೋಳ

ಉತ್ತರ: ರೋಗವಲ್ಲ, ಇದೂ ಕಣಜವೇ. ಅಫಿಡಿಯಸ್ ಮತ್ತು ಅದರ ಬಂಧುಗಳು ಒಂದು ಹೇನಿನೊಳಗೆ ಒಂದು ಮೊಟ್ಟೆ ಇಡುತ್ತವೆ. ಮರಿಹುಳ ಒಳಗೆಲ್ಲ ತಿಂದು, ಹೇನಿನ ಹೊಟ್ಟೆಯಡಿ ಸೀಳಿ ಎಲೆಗೆ ನೂಲಿನಿಂದ ಅಂಟಿಸಿ, ಆ ಚರ್ಮದೊಳಗೇ ಗೂಡು ಕಟ್ಟುತ್ತದೆ. ಹೇನು ಕಪ್ಪಗಾಗಿದ್ದರೆ ಅಫೆಲೈನಸ್ ಎಂಬ ಬೇರೆ ಕಣಜ. ಬೆಚ್ಚಗಿನ ದಿನಗಳಲ್ಲಿ ನಾಲ್ಕೈದು ದಿನಕ್ಕೆ ಹಿಂಭಾಗದಲ್ಲಿ ದುಂಡು ತೂತು ಮಾಡಿ ಹೊರಡುತ್ತದೆ. ಮೊದಲ ಸಲ ಕಣಜ ಹೊರಡುವುದನ್ನು ನೋಡುವವರಿಗೆ ಇದೇ ಎಲ್ಲಕ್ಕಿಂತ ಸುಲಭ. ಎಲೆ ತುಂಡನ್ನು ಮೇಲೆ ಹೇಳಿದ ಬಾಟಲಿಗೆ ಹಾಕಿದರೆ ಸಾಕು, ಕೊಳೆಯಲು ದೊಡ್ಡ ಕೀಡೆಯೇ ಇರುವುದಿಲ್ಲ. ಜೊತೆಗಿರುವ ಜೀವಂತ ಹೇನುಗಳನ್ನು ಬ್ರಷ್‌ನಿಂದ ಸರಿಸಿಬಿಡಿ, ಇಲ್ಲವಾದರೆ ಅವುಗಳ ಅಂಟಿಗೆ ಕಣಜದ ರೆಕ್ಕೆ ಸಿಕ್ಕಿಕೊಳ್ಳುತ್ತದೆ.

ಗಿಡದಲ್ಲಿ ಇರುವೆ ಸಾಲು ಇದ್ದರೆ ಹೇನನ್ನು ಅವು ಕಾಯುತ್ತವೆ, ಕಣಜವನ್ನು ಓಡಿಸುತ್ತವೆ. ಕುಂಡವನ್ನು ನೀರಿನ ತಾಟಿನಲ್ಲಿ ಇಟ್ಟಿಗೆಯ ಮೇಲೆ ನಿಲ್ಲಿಸಿ.

ಪ್ರಶ್ನೆ: ಈ ಕಣಜಗಳು ಹಿತ್ತಲಿನಲ್ಲೇ ಉಳಿಯುವಂತೆ ಏನು ಬೆಳೆಸಬೇಕು? ಕೀಡೆ ವಿಪರೀತವಾದರೆ ಏನು ಹೊಡೆಯಬೇಕು?
— ಓದುಗರು, ಮುದ್ದೇಬಿಹಾಳ

ಉತ್ತರ: ಮೊದಲು ಹೂವು. ಇವುಗಳ ಬಾಯಿ ಗಿಡ್ಡ, ಆಳವಾದ ಹೂವಿನ ಮಕರಂದ ಎಟುಕುವುದಿಲ್ಲ. ಕೊತ್ತಂಬರಿ, ಸಬ್ಬಸಿಗೆ, ಬಡೇಸೋಪು, ಅಜವಾನದಂಥ ಛತ್ರಿ ಹೂವುಗಳೇ ಬೇಕು. ಕಡಲೆ ಹೊಲದಲ್ಲಿ ಹವೀಜದ (ಕೊತ್ತಂಬರಿ ಬೀಜದ) ಸಾಲು ಹಾಕಿದರೆ ಕ್ಯಾಂಪೊಲೆಟಿಸ್ ಹೆಚ್ಚುವುದು ಇದೇ ಕಾರಣಕ್ಕೆ. ಅಡಿಗೆಗೆ ಕಿತ್ತುಕೊಳ್ಳುವಾಗ ನಾಲ್ಕರಲ್ಲಿ ಒಂದು ಗಿಡವನ್ನು ಹೂವಿಗೆ ಬಿಡಿ. ಹದಿನೈದು-ಇಪ್ಪತ್ತು ದಿನಕ್ಕೊಮ್ಮೆ ಒಂದು ಹಿಡಿ ಹವೀಜ ಚೆಲ್ಲುತ್ತಿದ್ದರೆ ಹೂವು ತಪ್ಪುವುದಿಲ್ಲ. ಹೂವಿಲ್ಲದ ಕಾಲಕ್ಕೆ ಅಲಸಂದಿ ಮತ್ತು ಔಡಲ ಒಳ್ಳೆಯವು, ಎಲೆಯ ತೊಟ್ಟಿನ ಬಳಿ, ಕಾಯಿಯ ಬಳಿ ಇರುವ ಗ್ರಂಥಿಗಳಿಂದಲೇ ಸಿಹಿರಸ ಒಸರುತ್ತವೆ.

ಹೊಡೆಯಲೇಬೇಕಾದರೆ ಬೇವಿನ ಬೀಜದ ಶೇ 5ರ ಕಷಾಯ. 50 ಗ್ರಾಂ ಬೇವಿನ ಬೀಜ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ, ಒಂದು ಚಿಟಿಕೆ ಸೋಪಿನ ಪುಡಿ ಕಲಸಿ ಅಂದೇ ಸಂಜೆ ಸಿಂಪಡಿಸಿ. ಗೂಡು ಕಂಡ ಎಲೆಗಳನ್ನು ಬಿಟ್ಟು ಹೊಡೆಯಿರಿ. ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್‌ನಂಥವು ಬೇಡ. ಗೂಡಿನ ನೂಲು ಒಳಗಿನ ಕೋಶವನ್ನು ಅಷ್ಟಿಷ್ಟು ಕಾಯಬಹುದು, ಆದರೆ ಕಣಜ ಹೊರಬರುವಾಗ ಆ ನೂಲನ್ನು ಬಾಯಿಂದಲೇ ಕಡಿಯಬೇಕು. ಅಲ್ಲೇ ವಿಷ ತಾಗುತ್ತದೆ.

ಕೈಯಿಂದ ಆರಿಸಿದ ಕೀಡೆಗಳನ್ನೂ ತಕ್ಷಣ ಕೊಲ್ಲಬೇಡಿ. ಮೇಲೆ ಗೂಡಿಲ್ಲದಿದ್ದರೂ ಒಳಗೆ ಮರಿಹುಳಗಳು ಇರಬಹುದು. ಹಳೆಯ ಬಕೆಟ್ಟಿಗೆ ಒಂದು ಅಂಗುಲ ಒಣ ಮಣ್ಣು, ಅದರ ಮೇಲೆ ಎಲೆ, ಕೀಡೆ ಹಾಕಿ, ಬಾಯಿಗೆ ಸೊಳ್ಳೆ ಪರದೆ ಬಿಗಿಯಾಗಿ ಕಟ್ಟಿ ನೆರಳಿನಲ್ಲಿಡಿ. ಬಾಟಲಿಗೆ ಬೇಡವೆಂದ ಸೊಳ್ಳೆ ಪರದೆ ಇಲ್ಲಿ ಬೇಕು: ಕಣಜ ಅದರ ಕಣ್ಣಿನಿಂದ ದಾಟಿ ತೋಟಕ್ಕೆ ಹೋಗುತ್ತದೆ, ಪತಂಗ ಒಳಗೇ ಉಳಿಯುತ್ತದೆ. ಎಲೆ ಎರಡು ದಿನಕ್ಕೊಮ್ಮೆ ಬದಲಿಸಿ, ಬಕೆಟ್ಟಿನ ಕೆಳಗೆ ನೀರಿನ ತಾಟು ಇರಲಿ. ಮೂರು-ನಾಲ್ಕು ವಾರ ಕಳೆದ ಮೇಲೆ ಉಳಿದ ಪತಂಗಗಳನ್ನು ಕೊಂದು, ಮಣ್ಣಿನಲ್ಲಿರುವ ಕೋಶಗಳನ್ನು ಹೆಕ್ಕಿ ತೆಗೆದು, ಮಣ್ಣನ್ನು ಬಿಸಿಲಿಗೆ ಹರವಿ.